ಗೋಮಾಳಕ್ಕೆ ಬೇಲಿ ಬಿದ್ದಿದೆ, ಊರವರು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮದು ಶರಾವತಿ ಕಣಿವೆಯ ಸಣ್ಣ ಹಳ್ಳಿ. ಊರ ಹಿಂದೆ ಗೋಮಾಳ ಇದೆ, ಅದಕ್ಕೆ ತಾಗಿಕೊಂಡೇ ಕಾನು, ಅಂದರೆ ದಟ್ಟ ಹಸಿರು ಕಾಡು. ಮೊದಲಿಂದಲೂ ಎಲ್ಲರ ದನ ಅಲ್ಲೇ ಮೇಯುವುದು, ಸೊಪ್ಪು, ದರಗು ಅಲ್ಲಿಂದಲೇ ತರುವುದು. ಈಗ ಹೊರಗಿನವರು ಯಾರೋ ಬಂದು ತಂತಿ ಬೇಲಿ ಹಾಕಿದ್ದಾರೆ. ರೆಸಾರ್ಟ್ ಬರುತ್ತೆ ಅಂತ ಸುದ್ದಿ. ತಾಲ್ಲೂಕು ಕಚೇರಿಗೆ ಮನವಿ ಕೊಟ್ಟೆವು. ಸ್ವೀಕೃತಿ ಸಿಕ್ಕಿತು, ಅಷ್ಟೇ. ನಮ್ಮವರೇ ಕೆಲವರು ಅದೇ ಸರ್ವೆ ನಂಬರಿನಲ್ಲಿ ಅಡಿಕೆ ಹಾಕಿಕೊಂಡಿದ್ದಾರೆ, ಹಾಗಾಗಿ ಊರಲ್ಲಿ ಒಗ್ಗಟ್ಟೂ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಸೀದಾ ಹೈಕೋರ್ಟಿಗೆ ಹೋಗುವುದು ಒಳ್ಳೆಯದಾ?

ಉತ್ತರ: ಮೊದಲು ಒಂದು ಮಾತು. ಬೇಲಿ ಕೀಳಲು ಹೋಗಬೇಡಿ. ಊರಿನ ಹುಡುಗರಿಗೆ ಸಿಟ್ಟು ಬಂದಿರುತ್ತದೆ, ಅದು ಸಹಜ. ಆದರೆ ಬೇಲಿ ಹಾಕಿದವರಿಗೆ ಬೇಕಾಗಿರುವುದೂ ಅದೇ. ನಾಲ್ಕು ಜನರ ಮೇಲೆ ಕೇಸು ಬಿತ್ತು ಅಂದರೆ ಊರಿನ ಗಮನ ಜಮೀನು ಬಿಟ್ಟು ಜಾಮೀನಿನ ಕಡೆ ಹೋಗುತ್ತದೆ. ಬೇಲಿಯ ಫೋಟೋ ತೆಗೆದಿಡಿ. ತಾರೀಕು, ಜಾಗ ಎರಡೂ ಅದರಲ್ಲಿ ಗೊತ್ತಾಗಬೇಕು. ಇವತ್ತಿಗೆ ಅಷ್ಟು ಸಾಕು.

ಮಲೆನಾಡಿನಲ್ಲಿ ಊರೊಟ್ಟಿನ ಜಾಗ ಕೈತಪ್ಪುವುದನ್ನು ತುಂಬಾ ವರ್ಷದಿಂದ ನೋಡುತ್ತಿದ್ದೇನೆ. ಜಾಗ ಮೊದಲು ಹೋಗುವುದು ಕಾಗದದಲ್ಲಿ. ತಂತಿ, ಕಲ್ಲುಕಂಬ ಎಲ್ಲ ಆಮೇಲೆ. ಬೇಲಿ ಕಣ್ಣಿಗೆ ಬಿದ್ದಿದೆ ಅಂದರೆ ಕಚೇರಿಯಲ್ಲಿ ಏನೋ ಒಂದು ಕಡತ ಓಡಾಡಿರುವ ಸಾಧ್ಯತೆ ಜಾಸ್ತಿ. ಇಲ್ಲವೇ ಕಡತವೇ ಇಲ್ಲದೆ, ಕೇಳುವವರು ಯಾರು ಅನ್ನುವ ಧೈರ್ಯದಲ್ಲಿ ಹಾಕಿರುತ್ತಾರೆ. ಈ ಎರಡರಲ್ಲಿ ನಿಮ್ಮದು ಯಾವುದು ಅಂತ ತಿಳಿಯದೆ ಇನ್ನೊಂದು ಮನವಿ ಕೊಟ್ಟರೆ ಇನ್ನೊಂದು ಸ್ವೀಕೃತಿ ಸಿಗುತ್ತದೆ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಆ ಜಾಗ ಕಾಗದದಲ್ಲಿ ಏನು ಅಂತ ಪತ್ತೆ ಮಾಡುವುದು. ನೀವು "ಗೋಮಾಳ" ಅನ್ನುತ್ತೀರಿ. ಊರವರು ಹಾಗೆ ಕರೆಯುವ ಜಾಗ ದಾಖಲೆಯಲ್ಲಿ ಗೋಮಾಳವೇ ಇರಬಹುದು, ಹುಲ್ಲುಬನ್ನಿ (ಹುಲ್ಲಿಗೆ ಬಿಟ್ಟ ಜಾಗ) ಇರಬಹುದು, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಬೆಟ್ಟ) ಇರಬಹುದು, ಬರೀ "ಸರ್ಕಾರಿ ಬೀಳು" ಅಂತ ಇರಬಹುದು, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಸೇರದ ಜಾಗ) ಇರಬಹುದು. ಕಾನು ಅನ್ನುವುದು ಕಂದಾಯ ಇಲಾಖೆಯ ಲೆಕ್ಕದಲ್ಲಿ ಇರಬಹುದು, ಅರಣ್ಯದ ಲೆಕ್ಕದಲ್ಲೂ ಇರಬಹುದು, ಕೆಲವು ಕಡೆ ಎರಡೂ ಕಡೆ ಇದೆ. ಒಂದೊಂದಕ್ಕೂ ಕಾನೂನು ಬೇರೆ, ಹೋಗಬೇಕಾದ ಬಾಗಿಲು ಬೇರೆ.

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಬೇಲಿಯ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಎಲ್ಲಿ ಯಾವ ಸರ್ವೆ ನಂಬರು ಅಂತ ಅಂದಾಜು ಸಿಗುತ್ತದೆ. ಅದು ಅಳತೆ ಅಲ್ಲ, ಅಂದಾಜು ಮಾತ್ರ. ಆಮೇಲೆ ಆ ನಂಬರುಗಳ ಪಹಣಿ ತೆಗೆಸಿ. ಈಗಿನದು ಒಂದು ಸಾಲದು. ಹಳೆಯ ಕೈಬರಹದ ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕ್ಷೆ, ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿ, ಎಲ್ಲವೂ ಬೇಕು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. "ಸರ್ಕಾರಿ ಗೋಮಾಳ" ಅಂತ ಇದ್ದರೆ ಅರ್ಧ ನಿಟ್ಟುಸಿರು ಬಿಡಬಹುದು. ಖಾಸಗಿ ಹೆಸರು ಬಂದಿದ್ದರೆ 10ನೇ ಕಾಲಂ ನೋಡಿ, ಆ ಹೆಸರು ಯಾವ ಮ್ಯುಟೇಷನ್ ನಂಬರಿನಿಂದ ಬಂತು ಅಂತ ಅಲ್ಲಿರುತ್ತದೆ. ದಾರ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. 11ನೇ ಕಾಲಂನಲ್ಲಿ ಏನಾದರೂ ಷರತ್ತು, ತಕರಾರು ಬರೆದಿದ್ದಾರಾ ಅಂತಲೂ ನೋಡಬೇಕು.

ಕಚೇರಿಯಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅನೇಕರ ಅರ್ಜಿ ಬಿದ್ದುಹೋಗುವುದು ಇಲ್ಲೇ. ಊರಿನ ಇತಿಹಾಸ, ದುಃಖ, ಅಧಿಕಾರಿಗಳ ಮೇಲಿನ ಸಿಟ್ಟು ಎಲ್ಲ ಸೇರಿಸಿ ಮೂರು ಪುಟ ಬರೆಯುತ್ತಾರೆ. ನೀವು ಹಾಗೆ ಮಾಡಬೇಡಿ. "ಈ ಸರ್ವೆ ನಂಬರಿನಲ್ಲಿ ಇಲ್ಲಿಯವರೆಗೆ ಆದ ಮಂಜೂರಾತಿ ಆದೇಶಗಳ ನಕಲು ಕೊಡಿ" ಅಂತ ಒಂದು ಅರ್ಜಿ. "ಗೋಮಾಳದ ವಿಸ್ತೀರ್ಣ ತಗ್ಗಿಸಿದ ಆದೇಶ ಇದ್ದರೆ ಅದರ ಕಡತ ಕೊಡಿ" ಅಂತ ಇನ್ನೊಂದು. ಬೇರೆ ಬೇರೆ ಮನೆಯವರ ಹೆಸರಿನಲ್ಲಿ ಹಾಕಿ. ಒಬ್ಬರೇ ಹಾಕಿದರೆ ಆ ಒಬ್ಬರ ಮನೆಗೆ ಮಾತ್ರ ಫೋನು ಬರುತ್ತದೆ.

ಎರಡನೇ ಅರ್ಜಿ ಯಾಕೆ ಮುಖ್ಯ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಗೋಮಾಳ ಹೋಗುವ ದೊಡ್ಡ ದಾರಿ ಅದೇ. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದ ಪ್ರಕಾರ ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇಡಬೇಕು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಇದೇ ಲೆಕ್ಕವನ್ನು ತಿರುಗಿಸಿ ಓದಿ. ದನ ಕಡಿಮೆಯಾದಷ್ಟೂ ಗೋಮಾಳ "ಹೆಚ್ಚುವರಿ" ಆಗುತ್ತದೆ. ಹೆಚ್ಚುವರಿ ಆದದ್ದನ್ನು ಜಿಲ್ಲಾಧಿಕಾರಿ ಗೋಮಾಳ ಶೀರ್ಷಿಕೆಯಿಂದ ತಗ್ಗಿಸಬಹುದು, ಆಮೇಲೆ ಅದನ್ನು ಮಂಜೂರು ಮಾಡಬಹುದು. ಮಲೆನಾಡಿನ ಹಳ್ಳಿಗಳಲ್ಲಿ ಕೊಟ್ಟಿಗೆ ಖಾಲಿಯಾಗುತ್ತಿರುವುದು ನಮಗೆ ಗೊತ್ತೇ ಇದೆ. ಹತ್ತು ದನ ಇದ್ದ ಮನೆಯಲ್ಲಿ ಈಗ ಎರಡು ಇವೆ. ಹಾಗಾಗಿ ಕಡತದಲ್ಲಿ ಎಷ್ಟು ದನ ತೋರಿಸಿದ್ದಾರೆ, ಆ ಲೆಕ್ಕ ಯಾವ ವರ್ಷದ್ದು, ಯಾರು ಎಣಿಸಿದರು, ಪಕ್ಕದ ಮಜರೆಯ ದನಗಳನ್ನು ಬಿಟ್ಟಿದ್ದಾರಾ, ಇದೆಲ್ಲ ನೋಡಬೇಕು. ಮೇಜಿನ ಮೇಲೆ ಕೂತು ಬರೆದ ಲೆಕ್ಕ ಅಂತ ನಿಮ್ಮ ಊರವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನೀವೇ ಮನೆಮನೆ ಎಣಿಸಿ, ಮನೆಯವರ ಸಹಿ ಹಾಕಿಸಿ, ಪಶುವೈದ್ಯರ ಕಚೇರಿಯ ಲಸಿಕೆ ಲೆಕ್ಕದ ಜೊತೆ ಹೋಲಿಸಿ ಇಟ್ಟುಕೊಳ್ಳಿ. ಈ ಒಂದು ಹಾಳೆ ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಕಾನಿನ ಭಾಗ. ಅದಕ್ಕೆ ರಕ್ಷಣೆ ಗೋಮಾಳಕ್ಕಿಂತ ಗಟ್ಟಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಇರುವ ಜಾಗವೂ ಅರಣ್ಯ, ಸಾಮಾನ್ಯ ಅರ್ಥದಲ್ಲಿ ಕಾಡು ಅನ್ನಿಸುವ ಜಾಗವೂ ಅರಣ್ಯ, ಒಡೆತನ ಯಾರದ್ದೇ ಇರಲಿ. ಅಲ್ಲಿ ಬೇರೆ ಕೆಲಸ ಮಾಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಅದರ ಮೇಲೆ ನಮ್ಮ ರಾಜ್ಯದಲ್ಲಿ "ಪರಿಭಾವಿತ ಅರಣ್ಯ" (ಡೀಮ್ಡ್ ಫಾರೆಸ್ಟ್), ಅಂದರೆ ಅರಣ್ಯ ಅಂತ ಅಧಿಸೂಚನೆ ಆಗದಿದ್ದರೂ ಕಾಡು ಅಂತ ಲೆಕ್ಕಕ್ಕೆ ಬರುವ ಜಾಗಗಳ ಪಟ್ಟಿ ಆಯಿತು. 2022ರಲ್ಲಿ ಆ ಪಟ್ಟಿಯನ್ನು ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿದರು. ಹಿಂದೆ ಅದು 9.9 ಲಕ್ಷ ಹೆಕ್ಟೇರ್ ದಾಟಿತ್ತು. ನಿಮ್ಮ ಕಾನು ಪಟ್ಟಿಯಲ್ಲಿ ಉಳಿದಿದೆಯಾ, ಬಿಟ್ಟುಹೋಗಿದೆಯಾ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಕೊಟ್ಟಿದೆ. ಮೀಸಲು ಅರಣ್ಯದ ಜಮೀನು ಕಂದಾಯ ಇಲಾಖೆಯ ಕೈಯಲ್ಲಿದ್ದು, ಅದನ್ನು ಖಾಸಗಿಯವರಿಗೆ ಕೊಟ್ಟಿದ್ದಾರಾ ಅಂತ ತನಿಖೆ ಮಾಡಲು ಪ್ರತಿ ರಾಜ್ಯವೂ ತಂಡ ರಚಿಸಬೇಕು ಅಂತ. ನಿಮ್ಮ ಅರ್ಜಿಯಲ್ಲಿ ಇದನ್ನು ನೆನಪಿಸಿದರೆ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಕಾನುಗಳಿಗೆ ದಾಖಲೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬ ತಾಲ್ಲೂಕು ಒಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿ ಬರೆದಿಟ್ಟಿದ್ದಾರೆ. ಕಾಳುಮೆಣಸು, ಬಗನಿ, ನೀರಿನ ಸೆಲೆ ಎಲ್ಲದಕ್ಕೂ ಊರವರು ಕಾನನ್ನೇ ನಂಬಿದ್ದ ಕಾಲ ಅದು.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗಕ್ಕೆ ಬರುತ್ತೇನೆ. ಊರವರದೇ ಅಡಿಕೆ.

ನೀವು ಇದನ್ನು ಕೊನೆಯಲ್ಲಿ, ಸ್ವಲ್ಪ ಮುಜುಗರದಿಂದಲೇ ಬರೆದಿದ್ದೀರಿ ಅನ್ನಿಸಿತು. ಆದರೆ ಸೋಲು ಗೆಲುವು ನಿರ್ಧಾರ ಆಗುವುದು ಇದರಲ್ಲೇ. ಹೊರಗಿನವರು ಊರೊಳಗೆ ಬರುವುದು ಸಾಮಾನ್ಯವಾಗಿ ಇದೇ ಬಾಗಿಲಿನಿಂದ. ಬಗರ್ ಹುಕುಂ ಅರ್ಜಿ (ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಅನ್ನುವ ಅರ್ಜಿ) ಹಾಕಿ ಕಾಯುತ್ತಿರುವ ಯಾರದೋ ಹತ್ತಿರ ಛಾಪಾ ಕಾಗದದಲ್ಲಿ ಒಂದು ಒಪ್ಪಂದ ಬರೆಸಿಕೊಳ್ಳುತ್ತಾರೆ. ಸ್ವಲ್ಪ ದುಡ್ಡು ಕೊಡುತ್ತಾರೆ. ಮಂಜೂರಾಗದ ಸರ್ಕಾರಿ ಜಮೀನನ್ನು ಮಾರುವ ಹಕ್ಕು ಸಾಗುವಳಿದಾರನಿಗೆ ಇಲ್ಲ, ಆ ಕಾಗದಕ್ಕೆ ಬೆಲೆಯೂ ಇಲ್ಲ. ಮಂಜೂರಾದ ಮೇಲೂ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತು ಇರುತ್ತದೆ. ಆದರೆ ಆ ಕಾಗದ ಹಿಡಿದುಕೊಂಡು ಬೇಲಿ ಹಾಕುತ್ತಾರೆ, ಪಂಚಾಯಿತಿಯಲ್ಲಿ ಏನೋ ಒಂದು ನಂಬರು ಮಾಡಿಸಿಕೊಳ್ಳುತ್ತಾರೆ, ಕರೆಂಟು ಎಳೆಸುತ್ತಾರೆ. ನಿಮ್ಮ ಊರಲ್ಲೂ ಅಂಥ ಕಾಗದ ಇದೆಯಾ ಅಂತ ಮೆಲ್ಲಗೆ ವಿಚಾರಿಸಿ. ಗದರಿಸಿ ಕೇಳಿದರೆ ಯಾರೂ ಹೇಳುವುದಿಲ್ಲ.

ನಿಮ್ಮ ಕಣಿವೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮನೆ ಗದ್ದೆ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಅವರಿಗೆ ಕೊಟ್ಟ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಅರಣ್ಯದಿಂದ ಕೈಬಿಟ್ಟ ಆದೇಶಗಳು ಆಮೇಲೆ ನಿಲ್ಲಲಿಲ್ಲ. ಅಂಥವರ ಎರಡು ಎಕರೆ ಅಡಿಕೆಯನ್ನೂ, ಹೊರಗಿನವರ ರೆಸಾರ್ಟ್ ಬೇಲಿಯನ್ನೂ "ಒತ್ತುವರಿ" ಅಂತ ಒಂದೇ ಅರ್ಜಿಯಲ್ಲಿ ಬರೆದಿರೋ, ಊರು ಎರಡು ಹೋಳಾಯಿತು ಅಂತಲೇ ತಿಳಿಯಿರಿ. ಎದುರಿನವರು ಆ ಅರ್ಜಿಯ ಪ್ರತಿ ಮಾಡಿಸಿ ಮನೆಮನೆಗೆ ಹಂಚುತ್ತಾರೆ. "ನೋಡಿ, ನಿಮ್ಮ ತೋಟ ಕಡಿಸಲು ಹೊರಟಿದ್ದಾರೆ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಕಾನೂನಿನಲ್ಲೇ ಇದಕ್ಕೆ ಜಾಗ ಇದೆ. 2011ರ ಜನವರಿ 28ರ ಜಗಪಾಲ್ ಸಿಂಗ್ ತೀರ್ಪು ಊರೊಟ್ಟಿನ ಜಾಗದ ವಿಷಯದಲ್ಲಿ ನಿಮ್ಮ ಕೈಗೆ ಸಿಗುವ ದೊಡ್ಡ ಆಯುಧ. ಪಂಜಾಬಿನ ಪಟಿಯಾಲ ಕಡೆಯ ಒಂದು ಹಳ್ಳಿಯ ಕೆರೆ ಜಾಗ ತುಂಬಿಸಿ ಮನೆ ಕಟ್ಟಿದ್ದ ಪ್ರಕರಣ ಅದು. ಊರಿನ ಸಾಮಾನ್ಯ ಜಾಗದ ಒತ್ತುವರಿ ತೆರವು ಮಾಡಿ ಊರಿಗೆ ವಾಪಸ್ ಕೊಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಎಷ್ಟೇ ವರ್ಷ ಅನುಭವದಲ್ಲಿದ್ದರೂ, ಎಷ್ಟೇ ದುಡ್ಡು ಸುರಿದು ಕಟ್ಟಿದ್ದರೂ ಅದು ನೆಪ ಆಗುವುದಿಲ್ಲ ಅಂತಲೂ ಹೇಳಿತು. ಜೊತೆಗೆ ಒಂದು ವಿನಾಯಿತಿ ಇಟ್ಟಿತು. ಭೂಮಿ ಇಲ್ಲದ ಕೂಲಿಯವರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರವೇ ಅಧಿಸೂಚನೆ ಮಾಡಿ ಕೊಟ್ಟಿದ್ದರೆ, ಅಥವಾ ಅಲ್ಲಿ ಶಾಲೆ, ಆಸ್ಪತ್ರೆಯಂಥದ್ದು ಬಂದಿದ್ದರೆ ಮಾತ್ರ ಸಕ್ರಮ ಮಾಡಬಹುದು ಅಂತ. ತೀರ್ಪಿನ ಮೊದಲ ಭಾಗವನ್ನು ಮಾತ್ರ ಉದ್ಧರಿಸುವವರು ಬಹಳ ಮಂದಿ. ನೀವು ಎರಡನ್ನೂ ಊರ ಕೂಟದಲ್ಲಿ ಓದಿ ಹೇಳಿ.

ಕೂಟದಲ್ಲಿ ಒಂದು ಒಪ್ಪಂದಕ್ಕೆ ಬರಬೇಕು. ಭೂಮಿ ಕಡಿಮೆ ಇರುವ ಇಂತಿಂಥ ಮನೆಯವರ ಈಗಿನ ಸಾಗುವಳಿ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ನಿಲ್ಲಬೇಕು, ಒಂದು ಗುಂಟೆಯೂ ಮುಂದೆ ಹೋಗಬಾರದು. ಅವರ ಅರ್ಜಿಯನ್ನು ಊರು ವಿರೋಧಿಸುವುದಿಲ್ಲ. ಬದಲಿಗೆ ಅವರು ಹೊರಗಿನವರಿಗೆ ಕೊಡುವುದಿಲ್ಲ ಅಂತ ಬರೆದುಕೊಡಬೇಕು. ಹತ್ತಾರು ಎಕರೆ ಸ್ವಂತ ತೋಟ ಇದ್ದೂ ಗೋಮಾಳಕ್ಕೆ ಕೈ ಹಾಕಿದವರು ಬಿಟ್ಟುಕೊಡಬೇಕು. ಈ ಕೊನೆಯ ಮಾತು ಹೇಳುವುದು ಸುಲಭ ಅಲ್ಲ, ಯಾಕೆಂದರೆ ಕೂಟದಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ಅವರೇ. ಆದರೂ ಊರಿನ ದೊಡ್ಡ ಕುಳ ಒಬ್ಬರು ಅರ್ಧ ಎಕರೆಯನ್ನಾದರೂ ಬಿಟ್ಟರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ. ಈ ಒಪ್ಪಂದ ಕಾನೂನಿನಲ್ಲಿ ನಿಲ್ಲುವಂಥದ್ದು ಅಂತ ನಾನು ಹೇಳುತ್ತಿಲ್ಲ. ಜಾಗ ಸರ್ಕಾರದ್ದು, ಅರ್ಜಿ ತೀರ್ಮಾನ ಮಾಡುವುದು ಬಗರ್ ಹುಕುಂ ಸಮಿತಿ. ಊರು ಒಟ್ಟಾಗಿ ನಿಲ್ಲಲು ಮಾತ್ರ ಇದು ಬೇಕೇ ಬೇಕು.

ಇಂಥ ಒಗ್ಗಟ್ಟು ಏನು ಮಾಡಬಲ್ಲದು ಅನ್ನುವುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರ ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಜೊತೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಕಂಪನಿ ಕಟ್ಟಿತು. ಸರ್ಕಾರದ ಪಾಲು ಶೇ. 51, ಪಾಲಿಫೈಬರ್ಸ್‌ನದ್ದು ಶೇ. 49. ಹಳ್ಳಿಗಳ ಸಾಮಾನ್ಯ ಭೂಮಿ 30,000 ಹೆಕ್ಟೇರ್‌ನಲ್ಲಿ ನೀಲಗಿರಿಯಂಥ ಮರ ಬೆಳೆಸುವುದು ಉದ್ದೇಶ. ಗುತ್ತಿಗೆ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ! ಬೆಳೆದ ಮರದಲ್ಲಿ ಶೇ. 87.5 ಸೀದಾ ಕಾರ್ಖಾನೆಗೆ. ಕಾಗದದಲ್ಲಿ ಅದು ಸರ್ಕಾರಿ ಪಾಳು ಭೂಮಿ. ಸೌದೆ, ಮೇವು, ಸೊಪ್ಪು ತರುತ್ತಿದ್ದ ಹಳ್ಳಿಯವರನ್ನು ಯಾರೂ ಕೇಳಲಿಲ್ಲ.

ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು ಮತ್ತು ಜೊತೆಯವರು ಇದನ್ನು ಎತ್ತಿಕೊಂಡರು. ಅವರು ಒಂದೇ ದಾರಿ ಹಿಡಿಯಲಿಲ್ಲ ಅನ್ನುವುದನ್ನು ಗಮನಿಸಿ. ಸುಪ್ರೀಂ ಕೋರ್ಟಿಗೆ ಹೋದರು, ಶಿವರಾಮ ಕಾರಂತರು ಅರ್ಜಿದಾರರಲ್ಲಿ ಒಬ್ಬರಾಗಿ ನಿಂತರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಸಿಕ್ಕಿತು. ತಡೆಯಾಜ್ಞೆ ಸಿಕ್ಕಿತಲ್ಲ ಅಂತ ಮನೆಯಲ್ಲಿ ಕೂರಲಿಲ್ಲ. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ನಡೆಸಿದರು. ಸುಮಾರು 2,000 ಜನ ಸೇರಿದರು. ನೂರರಷ್ಟು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಸಸಿ ನೆಟ್ಟರು. ಸಾವಿರಗಟ್ಟಲೆ ಕೀಳಬಹುದಿತ್ತು. ಕೀಳಲಿಲ್ಲ. ಇದರ ಜೊತೆಗೆ ಸಹಿ ಸಂಗ್ರಹ ನಡೆಯಿತು, ಶಾಸಕರ ಮನೆಬಾಗಿಲಿಗೂ ಹೋದರು. ಕಡೆಗೆ 1991ರಲ್ಲಿ ಕಂಪನಿಯನ್ನು ಮುಚ್ಚಿದರು.

ಮೇಲೆ ಬೇಲಿ ಕೀಳಬೇಡಿ ಅಂದೆ, ಇಲ್ಲಿ ಕಿತ್ತವರನ್ನು ಹೊಗಳುತ್ತಿದ್ದೇನೆ ಅನ್ನಬೇಡಿ. ಅವರು ಮೊದಲೇ ಸಾರಿ ಹೇಳಿ, ತಿಂಗಳುಗಟ್ಟಲೆ ತಯಾರಾಗಿ, ಜೈಲಿಗೆ ಹೋಗಲು ಸಿದ್ಧರಾಗಿ, ಸಾವಿರಾರು ಜನ ಹಗಲಲ್ಲಿ ಮಾಡಿದ ಕೆಲಸ ಅದು. ರಾತ್ರಿ ನಾಲ್ಕು ಜನ ಕಟ್ಟಿಂಗ್ ಪ್ಲೇಯರ್ ಹಿಡಿದುಕೊಂಡು ಹೋಗುವುದು ಬೇರೆ. ಮುಖ್ಯವಾಗಿ, ಅವರು ಕಿತ್ತ ಜಾಗದಲ್ಲಿ ನೆಟ್ಟರು. ಈ ಜಾಗ ನಮಗೆ ಇಂಥದ್ದಕ್ಕೆ ಬೇಕು ಅಂತ ತೋರಿಸಿದರು.

ಉಲ್ಟಾ ಉದಾಹರಣೆಯೂ ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲು, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟ ಜಾಗ. ಹುಲ್ಲುಗಾವಲು, ಕುರಿಗಾರರ ಬದುಕು, ಎರೆಭೂತ ಹಕ್ಕಿಯ ನೆಲೆ. ಸುಮಾರು 10,000 ಎಕರೆಯನ್ನು ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವರಿಗೆ ಕೊಟ್ಟರು. ಸುತ್ತಲಿನ ಹಳ್ಳಿಗಳ ಬಹಳ ಜನಕ್ಕೆ ವಿಷಯ ತಿಳಿದದ್ದು ಗೋಡೆ ಏಳಲು ಶುರುವಾದ ಮೇಲೆ. ಅಲ್ಲಿಯವರೂ ಗಟ್ಟಿಯಾಗಿ ಹೋರಾಡಿದರು, ಹಸಿರು ನ್ಯಾಯಮಂಡಳಿಗೂ ಹೋದರು. ಆದರೆ 2014ರ ಆದೇಶ ಯೋಜನೆಗಳನ್ನು ಪೂರ್ತಿ ನಿಲ್ಲಿಸಲಿಲ್ಲ. ಧೈರ್ಯ ಕಡಿಮೆಯಾಗಿ ಹೀಗಾಯಿತು ಅನ್ನಲಾರೆ. ಎದುರಿಗಿದ್ದದ್ದು ದೇಶದ ರಕ್ಷಣೆಯ ಹೆಸರು, ಕಾಗದ ಆಗಲೇ ಬಹಳ ದೂರ ಹೋಗಿಯಾಗಿತ್ತು. ನಿಮ್ಮ ಎದುರಿಗೆ ಇರುವುದು ಒಂದು ರೆಸಾರ್ಟ್. ಹೊತ್ತು ಇನ್ನೂ ಮೀರಿಲ್ಲ.

ನಿಮ್ಮ ಕಣಿವೆಯಲ್ಲೇ ಅಂಬಾರಗುಡ್ಡ ಇದೆಯಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಶರಾವತಿ ಅಭಯಾರಣ್ಯಕ್ಕೂ ಸೋಮೇಶ್ವರ ಅಭಯಾರಣ್ಯಕ್ಕೂ ನಡುವಿನ ಗುಡ್ಡಸಾಲು, ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲಾ ಕಾಡು. ಅಲ್ಲಿ ಗಣಿಗಾರಿಕೆ ಬಂದಾಗ ಊರವರು ಎದ್ದುನಿಂತರು. 2011ರಲ್ಲಿ 3,857 ಹೆಕ್ಟೇರ್ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ನಿಮಗೆ ಬೇಕಾದ ಸಂಗತಿ ಇಲ್ಲಿದೆ: ಅದು ಕಂದಾಯ ಭೂಮಿ. ಅರಣ್ಯ ಇಲಾಖೆಯ ಗಡಿಯೊಳಗೆ ಇಲ್ಲದ ಜಾಗಕ್ಕೂ 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ರಕ್ಷಣೆ ಪಡೆಯಬಹುದು. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಹೆಚ್ಚಿನ ಕಡೆ ಹೆಸರಿಗೆ ಮಾತ್ರ ಇರುತ್ತದೆ. ಅದರ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಕಾನಿನ ಉಪ್ಪಾಗೆ, ಮುರುಗಲು, ವಾಟೆಹುಳಿ, ರಾಮಪತ್ರೆ, ನೀರಿನ ಝರಿ, ದೇವರಬನ ಎಲ್ಲ ಸೇರಿದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ. ಹೆಂಗಸರನ್ನು ಕೇಳಿ ಬರೆಸಿ. ಯಾವ ತಿಂಗಳಲ್ಲಿ ಏನು ಎಲ್ಲಿ ಸಿಗುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿರುವುದಿಲ್ಲ.

ಇನ್ನೂ ಹಳೆಯ ದಾರಿಯೂ ಒಂದಿದೆ. ಕುಮಟಾ ಹತ್ತಿರದ ಹಳಕಾರಿನವರು ಮುಂಬೈ ಪ್ರಾಂತ್ಯದ ಕಾಲದಿಂದ, 1920ರ ದಶಕದಿಂದ, ತಮ್ಮ ಊರಿನ ಕಾಡನ್ನು ತಾವೇ ನೋಡಿಕೊಂಡು ಬಂದಿದ್ದಾರೆ. 1979ರಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳನ್ನು ರದ್ದು ಮಾಡಿದಾಗ ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಅವರ ಬಲ ಇದ್ದದ್ದು ದಿನನಿತ್ಯದ ನಿರ್ವಹಣೆಯಲ್ಲಿ. ಕಾವಲು ಯಾರದ್ದು, ಸೊಪ್ಪು ಯಾವಾಗ ಕಡಿಯಬೇಕು, ತಪ್ಪು ಮಾಡಿದವರಿಗೆ ದಂಡ ಎಷ್ಟು ಅನ್ನುವ ಕಟ್ಟುಪಾಡು ಅವರ ಹತ್ತಿರ ಇತ್ತು.

ಅರಣ್ಯ ಹಕ್ಕು ಕಾಯ್ದೆ ಬಗ್ಗೆ ಯಾರಾದರೂ ನಿಮಗೆ ಹೇಳಿರಬಹುದು. ಕಾನಿನ ಭಾಗಕ್ಕೆ ಸಾಮುದಾಯಿಕ ಹಕ್ಕು ಕೇಳಬಹುದು. ಆ ಕಾಯ್ದೆಯಲ್ಲಿ ಗ್ರಾಮ ಸಭೆಯ ಮಾತಿಗೆ ತೂಕ ಜಾಸ್ತಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಾಮುದಾಯಿಕ ಹಕ್ಕು ಸಿಕ್ಕಿತು. ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು, ಮಲೆನಾಡಿನಲ್ಲಿ ಅರ್ಜಿಗಳು ಎಡವುವುದು ಇಲ್ಲೇ. ಮಾಡಬೇಡಿ ಅನ್ನುವುದಿಲ್ಲ, ಆದರೆ ಬೇಲಿಯ ತುರ್ತಿಗೆ ಇದು ಒದಗುವುದಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಬೇಡಿಕೆಗೆ ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ಗಂಟು ಹಾಕಬೇಡಿ. ವರದಿ ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ಆ ಹೆಸರು ಬಂದ ಕೂಡಲೇ ಮಲೆನಾಡಿನಲ್ಲಿ ಸಭೆ ಎರಡಾಗುತ್ತದೆ, ಗೋಮಾಳ ಎಲ್ಲರಿಗೂ ಮರೆತುಹೋಗುತ್ತದೆ.

ಈಗ ಕಚೇರಿಯ ಕೆಲಸ. ಗ್ರಾಮ ಸಭೆ ಕನಿಷ್ಠ 6 ತಿಂಗಳಿಗೊಮ್ಮೆ ನಡೆಯಲೇಬೇಕು. ಅಷ್ಟು ದಿನ ಕಾಯಲು ಆಗದಿದ್ದರೆ ವಿಶೇಷ ಗ್ರಾಮ ಸಭೆ ಕರೆಯಿರಿ ಅಂತ ಬರವಣಿಗೆಯಲ್ಲಿ ಕೇಳಿ. ಸರ್ವೆ ನಂಬರು ಹಾಕಿ ಠರಾವು ಮಾಡಿಸಿ, ನಡಾವಳಿ ಪುಸ್ತಕದ ನಕಲು ಅವತ್ತೇ ಕೇಳಿ. ಕಂದಾಯ ಭೂಮಿಯ ವಿಷಯದಲ್ಲಿ ಈ ಠರಾವು ತಹಶೀಲ್ದಾರರ ಕೈ ಕಟ್ಟಿಹಾಕುವುದಿಲ್ಲ ನಿಜ. ಆದರೆ ನಾಳೆ ಕೋರ್ಟಿನಲ್ಲಿ "ಇದು ಇಬ್ಬರು ಮೂವರ ದ್ವೇಷ" ಅನ್ನುವ ವಾದ ಬಂದಾಗ ಇದೇ ಉತ್ತರ. ಪಂಚಾಯಿತಿ ಪರವಾನಗಿ ಕೊಡದಂತೆ ತಡೆಯಲೂ ಇದು ಬೇಕು.

ಆಮೇಲೆ ತಹಶೀಲ್ದಾರರಿಗೆ ಹೊಸ ಅರ್ಜಿ. ಈ ಸಲ "ದಯವಿಟ್ಟು ನಮ್ಮ ಗೋಮಾಳ ಉಳಿಸಿಕೊಡಿ" ಅಂತ ಬರೆಯಬೇಡಿ. ಜಂಟಿ ಸರ್ವೆ ಮಾಡಿ ಗಡಿ ಗುರುತಿಸಿ, ಭೂಕಂದಾಯ ಕಾಯ್ದೆಯ 94 ಮತ್ತು 104ನೇ ಕಲಂ ಪ್ರಕಾರ ತೆರವು ಮಾಡಿ, 192ಎ ಪ್ರಕಾರ ಪ್ರಕರಣ ದಾಖಲಿಸಿ ಅಂತ ಕೇಳಿ. ಪ್ರತಿಯನ್ನು ಉಪವಿಭಾಗಾಧಿಕಾರಿಗೆ, ಜಿಲ್ಲಾಧಿಕಾರಿಗೆ, ಕಾನಿನ ಅಂಚು ಸೇರಿದ್ದರೆ ವಲಯ ಅರಣ್ಯಾಧಿಕಾರಿಗೂ ಕೊಡಿ. ಸರ್ವೆಗೆ ಬಂದ ದಿನ ಊರಿನ ವಯಸ್ಸಾದವರು ಸ್ಥಳದಲ್ಲಿ ಇರಬೇಕು. ಹಳೆ ಗಡಿಕಲ್ಲು ಎಲ್ಲಿ ಹೂತಿದೆ ಅಂತ ಗೊತ್ತಿರುವುದು ಅವರಿಗೇ. ಮಹಜರು ಬರೆದರೆ ಪೂರ್ತಿ ಓದಿ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಹಾಕುವ ಮರ್ಯಾದೆ ಮಾತ್ರ ಬೇಡ.

ಖಾಸಗಿ ಹೆಸರಿಗೆ ಮ್ಯುಟೇಷನ್ ಆಗಿಬಿಟ್ಟಿದ್ದರೆ ದಾರಿ ಬೇರೆ. ಉಪವಿಭಾಗಾಧಿಕಾರಿ ಮುಂದೆ 136ನೇ ಕಲಂ ಪ್ರಕಾರ ಮೇಲ್ಮನವಿ ಹಾಕಬೇಕು. ಇದಕ್ಕೆ ಕಾಲಮಿತಿ ಇದೆ, ತಡ ಮಾಡಬೇಡಿ. ಬೆಂಗಳೂರಿನಲ್ಲಿ ಭೂ ಕಬಳಿಕೆ ನಿಷೇಧ ವಿಶೇಷ ನ್ಯಾಯಾಲಯ ಇದೆ, ಅಲ್ಲಿಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ರೆಸಾರ್ಟ್‌ನವರು ಗಟ್ಟಿ ಆಸಾಮಿಗಳಾದರೆ ಈ ದಾರಿ ಪರವಾಗಿಲ್ಲ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅರಣ್ಯ ಸಂರಕ್ಷಣಾ ಕಾಯ್ದೆ, ಜೀವವೈವಿಧ್ಯ ಕಾಯ್ದೆಯಂಥ ಕೆಲವೇ ಕಾನೂನುಗಳ ವಿಷಯ ಮಾತ್ರ ಅದು ಕೇಳುತ್ತದೆ. ಬರೀ ಗೋಮಾಳ ಮಂಜೂರಾತಿಯ ತಕರಾರು ಹಿಡಿದು ಅಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಕಾನಿಗೆ ಧಕ್ಕೆಯಾಗಿದ್ದರೆ ಹೋಗಬಹುದು, ಸಾಮಾನ್ಯವಾಗಿ 6 ತಿಂಗಳೊಳಗೆ.

ಹೈಕೋರ್ಟ್ ಅಂತ ಕೇಳಿದಿರಿ. ಹೋಗಿ, ಆದರೆ ಕೊನೆಗೆ. ಮೇಲಿನ ಕಾಗದ ಒಂದೂ ಇಲ್ಲದೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರೆ ಬರುವ ಆದೇಶ ಹೆಚ್ಚಾಗಿ ಒಂದೇ: "ಅರ್ಜಿದಾರರ ಮನವಿಯನ್ನು ಅಧಿಕಾರಿಗಳು ಪರಿಶೀಲಿಸಲಿ." ತಿರುಗಿ ಅದೇ ತಾಲ್ಲೂಕು ಕಚೇರಿ, ಅದೇ ಮೇಜು. ವಕೀಲರ ಫೀಸು ಮಾತ್ರ ಹೋಗಿರುತ್ತದೆ. ಗಡಿ ಸರ್ವೆ, ದನದ ಲೆಕ್ಕ, ಗ್ರಾಮ ಸಭೆ ಠರಾವು, ಅಧಿಕಾರಿಗಳು ಸುಮ್ಮನೆ ಕೂತರು ಅನ್ನುವುದಕ್ಕೆ ತಾರೀಕು ಸಮೇತ ಪುರಾವೆ, ಇಷ್ಟು ಕೈಯಲ್ಲಿದ್ದರೆ ಜಗಪಾಲ್ ಸಿಂಗ್ ತೀರ್ಪು ಜೊತೆಗಿಟ್ಟು ಹೋಗಿ. ಅಷ್ಟರಲ್ಲಿ ಜೆಸಿಬಿ ಬಂತು, ಮರ ಕಡಿಯಲು ಶುರು ಮಾಡಿದರು ಅನ್ನಿ, ಆಗ ಮಾತ್ರ ಈ ಕ್ರಮ ಎಲ್ಲ ಬದಿಗಿಟ್ಟು ಕೂಡಲೇ ತಡೆಯಾಜ್ಞೆಗೆ ಓಡಬೇಕು. ವಕೀಲರನ್ನು ಈಗಲೇ ಗೊತ್ತು ಮಾಡಿಟ್ಟುಕೊಳ್ಳಿ.

ಖರ್ಚಿಗೆ ಮನೆಗಿಷ್ಟು ಅಂತ ವಂತಿಗೆ ಹಾಕಿ. ಒಬ್ಬರೇ ಶ್ರೀಮಂತರು ಪೂರ್ತಿ ಕೊಡುತ್ತೇನೆ ಅಂದರೆ ನಯವಾಗಿ ಬೇಡ ಅನ್ನಿ. ನಾಳೆ ಅವರು ರಾಜಿ ಅಂದ ದಿನ ಊರೂ ರಾಜಿ ಆಗಬೇಕಾಗುತ್ತದೆ.

ಇನ್ನು ಬೇಲಿ ತೆರವಾದ ಮೇಲಿನ ಕೆಲಸ. ಇಲ್ಲಿ ಬಹಳ ಊರುಗಳು ಪಟಾಕಿ ಹೊಡೆದು ಮನೆಗೆ ಹೋಗುತ್ತವೆ, ಮೂರು ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೊಂದು ಬೇಲಿ ಬರುತ್ತದೆ. ತೆರವು ಆದೇಶದ ನಂಬರು ಪಹಣಿಯ 11ನೇ ಕಾಲಂನಲ್ಲಿ ದಾಖಲಾಗುವವರೆಗೆ ಬಿಡಬೇಡಿ. ಗಡಿಗೆ ಅಗಳ ತೆಗೆಸಲು ಉದ್ಯೋಗ ಖಾತ್ರಿಯಲ್ಲಿ ಆಗುತ್ತದಾ ಅಂತ ಪಿಡಿಒ ಹತ್ತಿರ ಕೇಳಿ. ಸರ್ಕಾರಿ ಜಮೀನು ಕಾಯಲು ಗ್ರಾಮ ಆಡಳಿತ ಅಧಿಕಾರಿಗಳಿಗೆ ಈಗ ಲ್ಯಾಂಡ್ ಬೀಟ್ ಆ್ಯಪ್ ಇದೆ. ನಿಮ್ಮ ಸರ್ವೆ ನಂಬರು ಅದರಲ್ಲಿ ಸೇರಿದೆಯಾ ಅಂತ ವಿಚಾರಿಸಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಊರಿನ ಖರ್ಚಿನಲ್ಲಿ ಆ ನಂಬರುಗಳ ಪಹಣಿ ತೆಗೆಸಿ ಹಳೆಯದರ ಜೊತೆ ಇಟ್ಟು ನೋಡಿ. ಈ ಕೆಲಸಕ್ಕೆ ಇಬ್ಬರನ್ನು ನೇಮಿಸಿ. ಒಬ್ಬರು ಅಡಿಕೆ ಹಾಕಿದ ಮನೆಯವರೇ ಇರಲಿ.